ಸಹಾಯ ಬೇಕು: ಇಟಲಿಯಲ್ಲಿ ಮೊಟ್ಟೆ ಹಾಕದ ಪಾಸ್ತಾ ಕಲಿಸುವವರು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು 10 ದಿನ ಇಟಲಿಗೆ ಹೋಗುತ್ತಿದ್ದೇನೆ. ಒಂದು ದಿನವಾದರೂ ಅಲ್ಲಿಯ ಅಡುಗೆಮನೆಯಲ್ಲಿ ನಿಂತು ಕಲಿಯಬೇಕು ಎಂಬುದು ಅಮ್ಮನ ಆಸೆ. ಅವರು ಧಾರವಾಡದವರು, ಈಗಲೂ ಕೈಯಲ್ಲೇ ಗವಲಿ ಹೊಸೆಯುತ್ತಾರೆ. ಆದರೆ ಮೊಟ್ಟೆ ಮುಟ್ಟುವುದಿಲ್ಲ.

ಮೊದಲು ಉತ್ತರದ ಬೊಲೊನ್ಯಾ ನಗರ ಎಂದುಕೊಂಡಿದ್ದೆ. ಅಲ್ಲಿಯ ಪಾಸ್ತಾ ಹಿಟ್ಟಿಗೆ 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ ಬೇಕೇ ಬೇಕು, ಹಾಗಾಗಿ ಕೈಬಿಟ್ಟೆ. ದಕ್ಷಿಣದ ಬಾರಿ ಪಟ್ಟಣದ ಒರೆಕ್ಕಿಯೆತ್ತೆ ಎಂಬ ಪಾಸ್ತಾಗೆ ಗಟ್ಟಿ ಗೋಧಿಯ ಸಣ್ಣ ರವೆ, ನೀರು ಅಷ್ಟೇ ಸಾಕು. ಹಿಟ್ಟಿನ ತುಣುಕನ್ನು ಚಾಕುವಿನಿಂದ ಒತ್ತಿ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯ ಆಕಾರ. ಹಳೆಯ ಊರಿನ ಓಣಿಯಲ್ಲಿ ಹೆಂಗಸರು ಮನೆ ಮುಂದೆ ಕುಳಿತು ಇದನ್ನು ಮಾಡುವ ವಿಡಿಯೊವನ್ನು ಅಮ್ಮ ಎಷ್ಟು ಸಲ ನೋಡಿದ್ದಾರೋ!

ಬಾರಿಯಲ್ಲಿ ಕಲಿತವರು ಯಾರಾದರೂ ಇದ್ದೀರಾ? ಐದಾರು ಜನರ ಚಿಕ್ಕ ತರಗತಿ, ಸಾಧ್ಯವಾದರೆ ಯಾರದಾದರೂ ಮನೆಯಲ್ಲೇ ನಡೆಯುವಂಥದ್ದು ಬೇಕು. ಅಮ್ಮನಿಗೆ 64 ವರ್ಷ, ಮಂಡಿನೋವಿದೆ. ಕುಳಿತು ಮಾಡಲು ಅವಕಾಶವಿರುತ್ತದೆಯೇ? ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದೂ ನಮಗೆ ಬೇಡ. ಮೊಟ್ಟೆ, ಈ ಚೀಸ್ ಎರಡೂ ಬೇಡವೆಂದು ಕಲಿಸುವವರಿಗೆ ಇಟಾಲಿಯನ್ ಭಾಷೆಯಲ್ಲಿ ಮೊದಲೇ ಬರೆದು ತಿಳಿಸಬೇಕು; ಭಾಷೆ ಬಲ್ಲವರು ಎರಡು ಸಾಲು ಬರೆದುಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.