ಅಪ್‌ಡೇಟ್: ಎಸಿ ಫಿಟ್ಟಿಂಗ್‌ನವರು ಒಡೆದ ನೀರಿನ ಪೈಪು

ಎಸಿ ಹಾಕಲು ಬಂದವರು ಗೋಡೆ ಕೊರೆಯುವಾಗ ಒಳಗಿನ ಸಿಪಿವಿಸಿ (ಪ್ಲಾಸ್ಟಿಕ್) ನೀರಿನ ಪೈಪು ಒಡೆದರು, ಖರ್ಚು ಯಾರು ಕೊಡಬೇಕು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಕಂಪನಿಯವರದು ಮೊದಲು ಒಂದೇ ಮಾತು: "ಸಾರ್, ಆ ಹುಡುಗರು ನಮ್ಮವರಲ್ಲ, ಕಾಂಟ್ರಾಕ್ಟರ್ ಕಡೆಯವರು." ಕಾಂಟ್ರಾಕ್ಟರ್ ಫೋನೇ ಎತ್ತಲಿಲ್ಲ. ಆದರೆ ಫಿಟ್ಟಿಂಗ್ ಬಿಲ್ ಇದ್ದದ್ದು ಕಂಪನಿ ಹೆಸರಲ್ಲೇ! ನಿಮ್ಮಲ್ಲಿ ಕೆಲವರು ಹೇಳಿದ ಹಾಗೆ ಸುಮ್ನೆ ಫೋನಿನಲ್ಲಿ ಜಗಳ ಆಡುವುದು ಬಿಟ್ಟೆ. ಬಿಲ್, ಜಾಬ್ ಶೀಟ್ (ಮಾಡಿದ ಕೆಲಸದ ವಿವರ ಇರುವ ಚೀಟಿ), ಒದ್ದೆ ಗೋಡೆಯ ಫೋಟೋ, ಪ್ಲಂಬರ್ ಕೊಟ್ಟ ಎಸ್ಟಿಮೇಟ್ ಎಲ್ಲ ಸೇರಿಸಿ ಇಮೇಲ್ ಮಾಡಿದೆ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಿದರು. ಆ ದೂರಿನ ನಂಬರ್ ಕಂಪನಿಗೆ ಕಳಿಸಿದ ಮೇಲೆ ಅವರ ದನಿಯೇ ಬದಲಾಯಿತು.

ಪೈಪು, ಟೈಲ್ಸ್, ಕೂಲಿ ಹಣ ಬಂದಿದೆ. ನೀರು ಸೋರಿ ಹಾಳಾದ ಕೆಳಗಿನ ಮನೆಯವರ ಸೀಲಿಂಗ್ ವಿಷಯ ಮಾತ್ರ ಕಂಪನಿಯವರು ಇನ್ನೂ ಎಳೆದಾಡುತ್ತಿದ್ದಾರೆ. ಪಾಪ, ಅವರದೇನು ತಪ್ಪು ಅಲ್ವಾ? ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ 2 ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. "ಪೂರ್ತಿ ಸೆಟಲ್‌ಮೆಂಟ್ ಆಗಿದೆ" ಎಂಬ ಕಾಗದಕ್ಕೆ ಕಂಪನಿಯವರು ಸಹಿ ಕೇಳಿದರು. ಹಾಕಿಲ್ಲ.