ಸಹಾಯ ಬೇಕು: ಅಮೆರಿಕದಲ್ಲಿ ಗಂಡನ ಮೇಲೆ ಕೇಸು, ನಮ್ಮ ಹುಡುಗಿಯ ವೀಸಾ ಗತಿ ಏನು?

ನಮಸ್ಕಾರ, ನಮ್ಮದು ಸೋಮವಾರಪೇಟೆ ಕಡೆ. ಅಕ್ಕನ ಮಗಳು ಅಮೆರಿಕದಲ್ಲಿ ಎಚ್-4 ವೀಸಾದಲ್ಲಿದ್ದಾಳೆ, ಗಂಡನದು ಎಚ್-1ಬಿ ಅನ್ನುವ ಕೆಲಸದ ವೀಸಾ; ಇವಳ ವೀಸಾ ಅವನದನ್ನೇ ನೆಚ್ಚಿಕೊಂಡಿದೆ. ಅವನು ಹೊಡೆದ, ಪಕ್ಕದ ಮನೆಯವರು ಪೊಲೀಸರನ್ನು ಕರೆದರು, ಅರೆಸ್ಟ್ ಆಯಿತು. ಈಗ ಅವಳ ಹತ್ತಿರ ಸುಳಿಯಬಾರದು ಅಂತ ಕೋರ್ಟ್ ಆದೇಶವಿದೆ. ಹೆಂಡತಿಗೆ ಹೊಡೆದದ್ದು ಸಾಬೀತಾಗಿ ಶಿಕ್ಷೆಯಾದರೆ ಗಡೀಪಾರು ಮಾಡಬಹುದು, 1996ರಿಂದ ಅಲ್ಲಿನ ಕಾನೂನೇ ಹಾಗಿದೆ. ಆದೇಶ ಮೀರಿ ಮತ್ತೆ ಹೆದರಿಸಿದರೂ ಅಷ್ಟೇ.

ಇದು ಗೊತ್ತಾದಾಗಿನಿಂದ ಅವನ ಮನೆಯವರು ಮಡಿಕೇರಿಯಿಂದ ದಿನಾ ಫೋನ್ ಮಾಡಿ "ಕೇಸು ವಾಪಸ್ ತಗೋ, ಅವನು ವಾಪಸ್ ಊರಿಗೆ ಬಂದ್ರೆ ನಿನ್ನ ವೀಸಾನೂ ಹೋಗುತ್ತೆ" ಅಂತ ಜೀವ ತಿನ್ನುತ್ತಿದ್ದಾರೆ. ಕೇಸು ನಡೆಸುವುದು ಸರ್ಕಾರಿ ವಕೀಲರು, ಇವಳು ಬೇಡ ಅಂದ ಮಾತ್ರಕ್ಕೆ ನಿಲ್ಲುವುದಿಲ್ಲ ಅಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆದರೆ ವೀಸಾ ಭಯ ಸುಳ್ಳಲ್ಲ, ಅಲ್ವಾ? ಗಂಡನಿಗೆ ಗ್ರೀನ್ ಕಾರ್ಡ್ (ಅಲ್ಲೇ ಕಾಯಂ ಇರುವ ಪರವಾನಗಿ) ಇದ್ದಿದ್ದರೆ, ಅದಕ್ಕೆ ಇವಳೇ ಸ್ವಂತ ಅರ್ಜಿ ಹಾಕಬಹುದಿತ್ತು. ಉಳಿದದ್ದು ಯು ವೀಸಾ, ಅಂದರೆ ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾದವರಿಗೆ ಕೊಡುವುದು; ವರ್ಷಕ್ಕೆ 10,000 ಮಾತ್ರ, ಪೊಲೀಸರ ಅಥವಾ ಸರ್ಕಾರಿ ವಕೀಲರ ಸಹಿ ಬೇಕು. ಹಿಂಸೆ ಅನುಭವಿಸಿದ ಎಚ್-4 ಹೆಂಡತಿಗೆ ಕೆಲಸದ ಪರ್ಮಿಟ್‌ಗೂ ಐ-765ವಿ ಅಂತ ಫಾರ್ಮ್ ಇದೆ.

ಇವನ್ನು ಮಾಡಿಸಿದವರು ಯಾರಾದರೂ ಇದ್ದೀರಾ? ಕನ್ನಡ ಬಲ್ಲ ಇಮಿಗ್ರೇಷನ್ ವಕೀಲರು ಗೊತ್ತಿದ್ದರೆ ಮೆಸೇಜ್ ಮಾಡಿ. "ಹೊಂದಿಕೊಂಡು ಹೋಗಲಿ" ಅನ್ನುವ ಬುದ್ಧಿಮಾತು ದಯವಿಟ್ಟು ಬೇಡ, ಅದು ಮನೆಯಲ್ಲೇ ಜಾಸ್ತಿ ಸಿಗುತ್ತಿದೆ.