ಪದಚರ್ಚೆ: ‘ವೈಡ್ ಆಂಗಲ್’ ಅಂದ ಮೇಲೆ ‘ಝೂಮ್’ ಹೇಗೆ? ಲೆನ್ಸ್ ಆಯ್ಕೆಯಲ್ಲಿ ದಾರಿ ತಪ್ಪಿಸುವ ಪದಗಳು

ಪ್ರಶ್ನೆ:

ನಮಸ್ಕಾರ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆ ಪುಟ್ಟದೊಂದು ವೈಡ್ ಆಂಗಲ್ ಝೂಮ್ ಲೆನ್ಸ್ ಆರಿಸಿಕೊಳ್ಳುವುದು ಹೇಗೆ ಎಂಬ ಕನ್ನಡ ಕೈಪಿಡಿಯ ಕರಡು ತಿದ್ದುತ್ತಿದ್ದೇನೆ. ಕೆಲವು ಪದಗಳು ಸರಿಹೊಂದುತ್ತಿಲ್ಲ. ‘ವಿಶಾಲ ಕೋನದ ಹಿಗ್ಗಿಸುವ ಮಸೂರ’ ಎಂದು ಒಂದು ಕಡೆ ಇದೆ. ಕೋನ ವಿಶಾಲವಾದರೆ ವಸ್ತು ಚಿಕ್ಕದಾಗಿ ಕಾಣಬೇಕಲ್ಲವೇ, ಹಿಗ್ಗುವುದು ಎಲ್ಲಿಂದ ಬಂತು? ಇನ್ನೊಂದು ಕಡೆ ‘10–18 ಮಿ.ಮೀ. ಲೆನ್ಸ್ ಈ ಕ್ಯಾಮೆರಾದಲ್ಲಿ 15–27 ಮಿ.ಮೀ. ಆಗುತ್ತದೆ’ ಎಂಬ ವಾಕ್ಯವಿದೆ. ಡಿಸ್ಟಾರ್ಷನ್‌ಗೆ ಎಲ್ಲ ಕಡೆಯೂ ‘ವಿರೂಪ’ ಎಂದೇ ಹಾಕಿದ್ದಾರೆ, ಆದರೆ ಸಂದರ್ಭ ಬೇರೆ ಬೇರೆ ಇದ್ದಂತಿದೆ. ‘ಕಾಂಪ್ಯಾಕ್ಟ್’ಗೆ ‘ಸಾಂದ್ರ’, ‘ಫಾಸ್ಟ್ ಲೆನ್ಸ್’ಗೆ ‘ವೇಗದ ಮಸೂರ’ ಎಂದಿರುವುದೂ ಕಿವಿಗೆ ಒಗ್ಗುತ್ತಿಲ್ಲ. ಬಲ್ಲವರು ತಿಳಿಸಿಕೊಡಿ.

ಉತ್ತರ:

ನಮಸ್ಕಾರ. ಓದುಗರು ಈ ಕೈಪಿಡಿ ನೋಡಿಕೊಂಡು ದುಡ್ಡು ಕೊಟ್ಟು ಲೆನ್ಸ್ ತರುತ್ತಾರೆ. ಹಾಗಾಗಿ ಪದ ಚೆಂದವಾಗಿದ್ದರಷ್ಟೇ ಸಾಲದು, ಲೆನ್ಸಿನಲ್ಲಿ ಏನನ್ನು ನೋಡಬೇಕು ಎಂಬುದನ್ನೂ ಅದು ತೋರಿಸಬೇಕು.

ಆಡುಮಾತಿನಲ್ಲಿ ‘ಝೂಮ್ ಮಾಡು’ ಎಂದರೆ ಹತ್ತಿರಕ್ಕೆ ಎಳೆದು ತೋರಿಸು ಎಂದರ್ಥ. ಮೊಬೈಲ್ ಪರದೆಯ ಮೇಲೆ ಎರಡು ಬೆರಳು ಅಗಲಿಸುವ ಅಭ್ಯಾಸ ಬಂದ ಮೇಲೆ ಆ ಅರ್ಥ ಇನ್ನಷ್ಟು ಗಟ್ಟಿಯಾಗಿದೆ. ಲೆನ್ಸಿನ ಲೆಕ್ಕದಲ್ಲಿ ಝೂಮ್ ಎಂದರೆ ಸಂಗಮದೂರವನ್ನು (ಫೋಕಲ್ ಲೆಂಗ್ತ್, ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಂಕಿ; ಅದು ಕಡಿಮೆಯಾದಷ್ಟೂ ನೋಟ ಅಗಲ) ಬದಲಾಯಿಸಲು ಬರುತ್ತದೆ ಎಂದಷ್ಟೇ. ಬದಲಾಗದಿದ್ದರೆ ಅದು ಪ್ರೈಮ್ ಲೆನ್ಸ್. 10–20 ಮಿ.ಮೀ. ಲೆನ್ಸನ್ನು ‘2ಎಕ್ಸ್ ಝೂಮ್’ ಎನ್ನುವುದು 20ನ್ನು 10ರಿಂದ ಭಾಗಿಸಿ, ಕಣ್ಣಿಗಿಂತ ಎರಡು ಪಟ್ಟು ಹತ್ತಿರ ತೋರಿಸುತ್ತದೆ ಎಂದಲ್ಲ. ಆದ್ದರಿಂದ ‘ಹಿಗ್ಗಿಸುವ’ ಪದವನ್ನು ತೆಗೆದುಬಿಡಿ. ‘ವೈಡ್ ಆಂಗಲ್ ಝೂಮ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ನೋಟದ ಕೋನ ವಿಶಾಲವಾಗಿದ್ದು, ಅದನ್ನು ಹೆಚ್ಚು ಕಡಿಮೆ ಮಾಡಬಹುದಾದ ಲೆನ್ಸ್’ ಎಂದು ಬಿಡಿಸಿ ಹೇಳಿದರೆ ಸಾಕು.

15–27ರ ವಾಕ್ಯ ತಪ್ಪು. ಸಂಗಮದೂರ ಲೆನ್ಸಿನ ಗುಣ, ಯಾವ ಕ್ಯಾಮೆರಾಗೆ ಸಿಕ್ಕಿಸಿದರೂ 10 ಮಿ.ಮೀ. 10 ಆಗಿಯೇ ಇರುತ್ತದೆ. ಬದಲಾಗುವುದು ನೋಟದ ಕೋನ. ಮೂಲೆಯಿಂದ ಮೂಲೆಗೆ ಅಳೆದರೆ 10 ಮಿ.ಮೀ. ಲೆನ್ಸು 36×24 ಮಿ.ಮೀ. ಫುಲ್ ಫ್ರೇಮ್ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಮೇಲೆ ಸುಮಾರು 130 ಡಿಗ್ರಿ ಕೊಡುತ್ತದೆ. ಸೋನಿ, ನಿಕಾನ್, ಫ್ಯೂಜಿಫಿಲ್ಮ್‌ಗಳ ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರ್ ಮೇಲೆ ಸುಮಾರು 109, ಅದಕ್ಕಿಂತ ಸ್ವಲ್ಪ ಚಿಕ್ಕದಾದ ಕ್ಯಾನನ್ ಎಪಿಎಸ್-ಸಿ ಮೇಲೆ 107, ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಮೇಲೆ 94 ಡಿಗ್ರಿ. ‘ಫುಲ್ ಫ್ರೇಮ್ ಲೆಕ್ಕದಲ್ಲಿ 15–27 ಮಿ.ಮೀ.ಗೆ ಸಮನಾದ ನೋಟ’ ಎಂದು ಬರೆದರೆ ಮಾತು ನಿಖರವಾಗುತ್ತದೆ. ಗುಣಿಸಬೇಕಾದ ಅಂಕಿ ಕ್ಯಾನನ್ ಎಪಿಎಸ್-ಸಿಗೆ 1.6, ಉಳಿದ ಎಪಿಎಸ್-ಸಿಗಳಿಗೆ 1.5, ಮೈಕ್ರೋ ಫೋರ್ ಥರ್ಡ್ಸ್‌ಗೆ 2.

ಇಲ್ಲೇ ಇನ್ನೊಂದು ಮಾತು ಸೇರಿಸಿ, ಅದನ್ನು ಹೇಳದಿದ್ದರೆ ಓದುಗರು ಅಂಕಿ ನೋಡಿ ಮೋಸಹೋಗುತ್ತಾರೆ. ಅಗಲದ ತುದಿಯಲ್ಲಿ ಒಂದೊಂದು ಮಿಲಿಮೀಟರೂ ದೊಡ್ಡದು. 1.5ರ ಎಪಿಎಸ್-ಸಿಯಲ್ಲಿ 12ರಿಂದ 10ಕ್ಕೆ ಇಳಿದರೆ ನೋಟ 99ರಿಂದ 109 ಡಿಗ್ರಿಗೆ, ಅಂದರೆ ಹತ್ತು ಡಿಗ್ರಿ ಅಗಲಿಸುತ್ತದೆ. 20ರಿಂದ 18ಕ್ಕೆ ಬಂದರೆ ಸಿಗುವುದು ಆರೇ ಡಿಗ್ರಿ. ಕ್ಯಾಮೆರಾ ಜೊತೆಗೆ ಬಂದ ಝೂಮ್ 16ರಿಂದ ಶುರುವಾಗುತ್ತಿದ್ದರೆ 83 ಡಿಗ್ರಿ ಈಗಾಗಲೇ ಕೈಯಲ್ಲಿದೆ. ಹೊಸ ಲೆನ್ಸು 18ಕ್ಕೆ ಮುಗಿಯುತ್ತದೋ 20ಕ್ಕೋ ಎಂದು ತಲೆಕೆಡಿಸಿಕೊಳ್ಳುವ ಬದಲು ಅದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನೋಡಬೇಕು.

ಈಗ ‘ವಿರೂಪ’. ಕರಡಿನ ನಿಜವಾದ ತೊಡಕು ಇದೇ. ಮೂರು ಬೇರೆ ಬೇರೆ ಸಂಗತಿಗಳು ಈ ಒಂದು ಪದದೊಳಗೆ ಸೇರಿಕೊಂಡಿವೆ. ಅವುಗಳಲ್ಲಿ ಲೆನ್ಸಿನ ದೋಷ ಒಂದೇ, ಮಿಕ್ಕ ಎರಡು ಎಷ್ಟೇ ದುಬಾರಿ ಲೆನ್ಸಿನಲ್ಲೂ ಇರುತ್ತವೆ. ಬಾಗು, ಎಳೆತ, ವಾಲು ಎಂದು ಮೂರಾಗಿ ಒಡೆದರೆ ಒಳ್ಳೆಯದು.

ಬಾಗು: ನೇರ ಗೆರೆ ಚಿತ್ರದಲ್ಲಿ ಡೊಂಕಾಗುವುದು. ಬಾಗಿಲ ಚೌಕಟ್ಟನ್ನು ಚಿತ್ರದ ಅಂಚಿಗೆ ಇಟ್ಟು ತೆಗೆದರೆ ಅದರ ನಡು ಹೊರಕ್ಕೆ ಉಬ್ಬಿದಂತೆ ಕಾಣುತ್ತದೆ. ಇದು ಲೆನ್ಸಿನ ವಿನ್ಯಾಸದಿಂದ ಬರುವ ದೋಷ. ಈಗಿನ ಪುಟ್ಟ ಮಿರರ್‌ಲೆಸ್ ಲೆನ್ಸುಗಳಲ್ಲಿ ಇದನ್ನು ಗಾಜಿನಲ್ಲೇ ಪೂರ್ತಿ ತಿದ್ದದೆ ಸಾಫ್ಟ್‌ವೇರಿಗೆ ಬಿಟ್ಟಿರುತ್ತಾರೆ. ಗಾತ್ರ ಇಳಿಸಲು ಇದೂ ಒಂದು ದಾರಿ. ಕ್ಯಾನನ್‌ನ ಆರ್‌ಎಫ್ 14–35 ಎಫ್/4 ಲೆನ್ಸಿನ ರಾ ಫೈಲನ್ನು (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ತಿದ್ದುಪಡಿ ಇಲ್ಲದೆ ತೆರೆದರೆ 14ರ ತುದಿಯಲ್ಲಿ ಮೂಲೆಗಳು ಕಪ್ಪಗೇ ಇರುತ್ತವೆ. ಪ್ರೊಫೈಲ್ (ಆ ಲೆನ್ಸಿಗೆಂದೇ ಮಾಡಿದ ತಿದ್ದುಪಡಿಯ ಮಾಹಿತಿ) ಹಾಕಿದಾಗ ಚಿತ್ರವನ್ನು ಹೊರಕ್ಕೆ ಎಳೆದು ಆ ಜಾಗ ತುಂಬುತ್ತಾರೆ. ಎಳೆದ ಕಡೆ ವಿವರ ತೆಳುವಾಗುತ್ತದೆ, ಕತ್ತಲಲ್ಲಿ ತೆಗೆದಿದ್ದರೆ ಮೂಲೆಯ ಕಾಳುಕಾಳು ಎದ್ದು ಕಾಣುತ್ತದೆ. ಕ್ಯಾಮೆರಾವೇ ತಿದ್ದಿ ಕೊಡುವ ಜೆಪೆಗ್ ತೆಗೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ರಾ ತೆಗೆಯುವವರು ತಾವು ಬಳಸುವ ಸಾಫ್ಟ್‌ವೇರಿನಲ್ಲಿ ಆ ಲೆನ್ಸಿನ ಪ್ರೊಫೈಲ್ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಎಳೆತ: ಗೆರೆಗಳೆಲ್ಲ ನೇರವಾಗಿಯೇ ಇವೆ, ಆದರೂ ಅಂಚಿನಲ್ಲಿ ನಿಂತವರ ಮುಖ ಅಗಲವಾಗಿದೆ. ಇದು ದೋಷವಲ್ಲ, ರೇಖಾಗಣಿತ. ದುಂಡಗಿನ ಜಗತ್ತನ್ನು ಚಪ್ಪಟೆ ಸೆನ್ಸರ್ ಮೇಲೆ ನೇರ ಗೆರೆ ನೇರವಾಗಿಯೇ ಉಳಿಯುವಂತೆ ಹಾಸಿದರೆ ಅಂಚು ಹಿಗ್ಗಲೇಬೇಕು. ಲೆಕ್ಕ ಹಾಕಿ ತೋರಿಸಬಹುದು. ಫುಲ್ ಫ್ರೇಮ್‌ನಲ್ಲಿ 24 ಮಿ.ಮೀ. ಇಟ್ಟು, ಒಂದು ಚೆಂಡನ್ನು ಚಿತ್ರದ ಬಲ ಅಂಚಿನ ನಡುವಿಗೆ ತಂದರೆ ಅದರ ಅಗಲ ಎತ್ತರದ 1.25 ಪಟ್ಟು ಕಾಣುತ್ತದೆ. 16ಕ್ಕೆ ಇಳಿಸಿ ಚೆಂಡನ್ನು ಮತ್ತೆ ಅಂಚಿಗೆ ತಂದರೆ ಒಂದೂವರೆ ಪಟ್ಟು. ಯಾವ ಕಂಪನಿಯ ಲೆನ್ಸಾದರೂ ಇಷ್ಟೇ. ಆದ್ದರಿಂದ ‘ವಿರೂಪ ಕಡಿಮೆ ಇರುವ ಲೆನ್ಸ್ ಕೊಂಡರೆ ಗುಂಪು ಫೋಟೋದಲ್ಲಿ ಮುಖ ಅಗಲವಾಗುವುದಿಲ್ಲ’ ಎಂಬ ಕರಡಿನ ಸಲಹೆಯನ್ನು ಹೊಡೆದುಹಾಕಿ. ಉಪಾಯ ಇರುವುದು ಝೂಮ್‌ನಲ್ಲಿ. ಜನರಿದ್ದಾಗ ಎರಡು ಹೆಜ್ಜೆ ಹಿಂದೆ ಸರಿದು ಉದ್ದದ (ಹೆಚ್ಚು ಮಿ.ಮೀ.ನ) ತುದಿಗೆ ಹೋಗುವುದು, ಅಂಚಿನಲ್ಲಿ ಯಾರನ್ನೂ ನಿಲ್ಲಿಸದಿರುವುದು. ಈ ವರ್ಗದಲ್ಲಿ ಪ್ರೈಮ್‌ಗಿಂತ ಝೂಮ್ ಹೆಚ್ಚು ಉಪಯೋಗಕ್ಕೆ ಬರಲು ಇದೂ ಕಾರಣ.

ವಾಲು: ಕ್ಯಾಮೆರಾ ಮೇಲಕ್ಕೆತ್ತಿ ಕಟ್ಟಡ ತೆಗೆದಾಗ ಅದು ಹಿಂದಕ್ಕೆ ಬಿದ್ದಂತೆ ಕಾಣುವುದು. ಸೆನ್ಸರ್ ಗೋಡೆಗೆ ಸಮಾಂತರವಾಗಿಲ್ಲ, ಅಷ್ಟೇ. ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು, ಅಗಲದ ತುದಿಯಲ್ಲಿ ತೆಗೆದು, ಕೆಳಗೆ ಬಂದ ಹೆಚ್ಚಿನ ನೆಲವನ್ನು ಆಮೇಲೆ ಕತ್ತರಿಸಿದರೆ ವಾಲು ಇರುವುದಿಲ್ಲ.

‘ಕಾಂಪ್ಯಾಕ್ಟ್’ಗೆ ‘ಸಾಂದ್ರ’ ಬೇಡವೇ ಬೇಡ. ಸಾಂದ್ರ ಎಂದರೆ ದಟ್ಟ, ಗಟ್ಟಿ, ತೂಕ ಹೆಚ್ಚು ಎಂಬ ಭಾವ ಕೊಡುತ್ತದೆ. ಇಲ್ಲಿ ಬೇಕಾದುದು ಅದರ ವಿರುದ್ಧ. ಸಿ.ಡಿ.ಗೆ ‘ಅಡಕಮುದ್ರಿಕೆ’ ಎಂಬ ಬಳಕೆ ಇದೆಯಾದ್ದರಿಂದ ‘ಅಡಕ’ ಸರಿಯಾದೀತು, ಮಾತಿನಲ್ಲಿ ‘ಪುಟ್ಟ’ ಸಾಕು. ಆದರೆ ಪುಟ್ಟದು ಎಂದರೆ ಯಾವಾಗ ಪುಟ್ಟದು? ನಿಕಾನ್ ಝಡ್ 14–30 ಎಫ್/4, ಒಲಿಂಪಸ್ 9–18 ಇವು ಮಡಚಿಕೊಳ್ಳುವ ಲೆನ್ಸುಗಳು. ಚೀಲದಲ್ಲಿ ಗಿಡ್ಡ, ಫೋಟೋ ತೆಗೆಯುವ ಮೊದಲು ತಿರುಗಿಸಿ ಉದ್ದ ಮಾಡಬೇಕು. ಸೋನಿಯ 10–20 ಪವರ್ ಝೂಮ್ ಎಫ್/4 ಮಡಚುವುದೂ ಇಲ್ಲ, ಝೂಮ್ ಮಾಡಿದರೆ ಉದ್ದವಾಗುವುದೂ ಇಲ್ಲ. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಮೇಲೆ ವಿಡಿಯೋ ಮಾಡುವವರಿಗೆ ಎರಡನೆಯ ಬಗೆಯೇ ಮೇಲು, ತೂಕದ ಸಮತೋಲ ತಪ್ಪುವುದಿಲ್ಲ. ‘ಮಡಚು ಲೆನ್ಸ್’, ‘ಒಳಝೂಮ್’ ಎಂದು ಪದ ಬೇರೆ ಮಾಡಿ ಕೊಡಿ.

ಮಿರರ್‌ಲೆಸ್‌ನಲ್ಲಿ ಇವು ಪುಟ್ಟದಾಗಲು ಕಾರಣವನ್ನೂ ಒಂದು ಸಾಲಿನಲ್ಲಿ ಹೇಳಬಹುದು. ನಿಕಾನ್‌ನ ಕನ್ನಡಿ ಇದ್ದ ಕ್ಯಾಮೆರಾಗಳ ಎಫ್ ಮೌಂಟಿನಿಂದ (ಲೆನ್ಸ್ ಸಿಕ್ಕಿಸುವ ಬಾಯಿ) ಸೆನ್ಸರ್‌ಗೆ 46.5 ಮಿ.ಮೀ. ದೂರವಿತ್ತು, ನಡುವೆ ಕನ್ನಡಿ ಆಡಬೇಕಿತ್ತು. ಮಿರರ್‌ಲೆಸ್‌ನ ಝಡ್ ಮೌಂಟಿನಲ್ಲಿ ಅದು 16 ಮಿ.ಮೀ. ಹಿಂದಿನ ಗಾಜನ್ನು ಸೆನ್ಸರ್ ಹತ್ತಿರಕ್ಕೆ ತರಬಹುದಾದ್ದರಿಂದ ಮುಂದಿನ ಗಾಜು ಅಷ್ಟು ದೊಡ್ಡದಾಗಬೇಕಿಲ್ಲ.

ಕೊನೆಗೆ ‘ಫಾಸ್ಟ್’. ಓಡುವ ವೇಗವೂ ಅಲ್ಲ, ಫೋಕಸ್ ವೇಗವೂ ಅಲ್ಲ. ದ್ಯುತಿರಂಧ್ರ (ಬೆಳಕು ಒಳಬರುವ ಕಿಂಡಿ) ದೊಡ್ಡದು, ಬೆಳಕು ಹೆಚ್ಚು, ಅದರಿಂದ ಶಟರನ್ನು ವೇಗವಾಗಿ ಇಡಬಹುದು ಎಂಬ ಸುತ್ತುಬಳಸಿನ ಅರ್ಥ. ‘ಹೆಚ್ಚು ಬೆಳಕಿನ ಲೆನ್ಸ್’ ಎನ್ನಿ. ಕ್ಯಾನನ್ ಆರ್‌ಎಫ್-ಎಸ್ 10–18 ಕೇವಲ 150 ಗ್ರಾಂ, ಆದರೆ ಎಫ್/4.5–6.3 (ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಸಿಗ್ಮಾ 10–18 ಎಫ್/2.8 ಸುಮಾರು 260 ಗ್ರಾಂ. 18ರ ತುದಿಯಲ್ಲಿ ಎರಡನೆಯದು ಒಳಬಿಡುವ ಬೆಳಕು ಐದು ಪಟ್ಟು. ನಕ್ಷತ್ರ, ಒಳಾಂಗಣದ ಜನ ಬೇಕೆಂದರೆ ಆ ನೂರು ಗ್ರಾಂ ಹೊರಲೇಬೇಕು. ಹಗಲಿನ ಬೆಟ್ಟಗುಡ್ಡ, ಟ್ರೈಪಾಡ್ ಮೇಲಿನ ಕಟ್ಟಡಕ್ಕೆ ಹೇಗಿದ್ದರೂ ಎಫ್/8 ಇಡುತ್ತೀರಿ, ಹಗುರವಾದುದೇ ಸಾಕು.

ಇನ್ನೊಬ್ಬರ ಉತ್ತರ:

ಮೇಲಿನದಕ್ಕೆ ಎರಡು ಸೇರ್ಪಡೆ. ‘ಮಸೂರ’ವನ್ನು ಇಡೀ ಲೆನ್ಸಿಗೆ ಬಳಸಬೇಡಿ. ಶಾಲೆಯ ಪಾಠದ ಪೀನ, ನಿಮ್ನ ಮಸೂರಗಳು ಒಂಟಿ ಗಾಜುಗಳು. ನಿಕಾನ್ 14–30ರ ಒಳಗೆ 14 ಮಸೂರಗಳು 12 ಗುಂಪುಗಳಾಗಿ ಕೂತಿವೆ. ಇಡಿಗೆ ಲೆನ್ಸ್, ಬಿಡಿಗೆ ಮಸೂರ ಎಂದು ಇಟ್ಟುಕೊಂಡರೆ ಈ ವಾಕ್ಯ ಬರೆಯಲು ಬರುತ್ತದೆ, ಇಲ್ಲದಿದ್ದರೆ ‘ಮಸೂರದಲ್ಲಿ 14 ಮಸೂರಗಳು’ ಎಂದಾಗುತ್ತದೆ.

ಎರಡನೆಯದು, ಕರಡಿನಲ್ಲಿ ಇಲ್ಲದ ಪದ: ಡಿಸೆಂಟರಿಂಗ್. ಆ ಮಸೂರಗಳಲ್ಲಿ ಒಂದು ನಡುಗೆರೆ ಬಿಟ್ಟು ಸರಿದೋ ಓರೆಯಾಗಿಯೋ ಕೂತರೆ ಚಿತ್ರದ ಒಂದು ಮಗ್ಗುಲು ಮಸುಕಾಗುತ್ತದೆ. ‘ನಡುತಪ್ಪು’ ಎನ್ನಬಹುದು. ವೈಡ್ ಝೂಮ್‌ಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ, ಸಾಫ್ಟ್‌ವೇರ್ ತಿದ್ದಲಾರದು. ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಸ್ಟೆಬಿಲೈಸೇಷನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ, 2 ಸೆಕೆಂಡಿನ ಟೈಮರ್ ಇಡಿ. ದೂರದ ಮರವನ್ನೋ ಕಟ್ಟಡವನ್ನೋ ನಡುವಿಗೆ ತಂದು ಫೋಕಸ್ ಮಾಡಿ, ಮ್ಯಾನ್ಯುವಲ್‌ಗೆ ಬದಲಾಯಿಸಿ ಫೋಕಸನ್ನು ಅಲ್ಲೇ ನಿಲ್ಲಿಸಿ. ಆಮೇಲೆ ಅದೇ ವಸ್ತುವನ್ನು ನಾಲ್ಕೂ ಮೂಲೆಗಳಿಗೆ ಒಂದೊಂದಾಗಿ ತಂದು ತೆಗೆಯಿರಿ. ಪೂರ್ತಿ ತೆರೆದ ರಂಧ್ರದಲ್ಲಿ ಒಮ್ಮೆ, ಎಫ್/8ರಲ್ಲಿ ಒಮ್ಮೆ, ಝೂಮ್‌ನ ಎರಡು ತುದಿ ಮತ್ತು ನಡುವೆ. ನಾಲ್ಕೂ ಮೂಲೆ ಸಮವಾಗಿ ಮಸುಕಾಗಿದ್ದರೆ ಅದು ವಿನ್ಯಾಸದ ಮಿತಿ, ಬೇರೆ ಪ್ರತಿಯಲ್ಲೂ ಹಾಗೆಯೇ ಇರುತ್ತದೆ. ಮೂರು ಸ್ಪಷ್ಟವಿದ್ದು ಒಂದು ಮಾತ್ರ ಎಫ್/8ರಲ್ಲೂ ಮಸುಕಾಗಿದ್ದರೆ ನಡುತಪ್ಪು, ಆ ಪ್ರತಿಯನ್ನು ಬದಲಾಯಿಸಿಕೊಳ್ಳಿ.